ಒಂದನೇ ನಂಬರಿನ ಅಕ್ಕ

ಕಾಯುವ ಕೆಲಸ ನನಗೆ ಹುಟ್ಟಿನಿಂದಲೇ ಬರುವುದಿಲ್ಲ. ಬಸ್ಸಿಗಾಗಿ ಒಂದು ಕಡೆ ನಿಲ್ಲುವ ಬದಲು ಮುಂದಿನ ಸ್ಟಾಪಿಗೆ ನಡೆದುಬಿಡುತ್ತಿದ್ದೆ. ಎರಡು ಸ್ಟಾಪಿನ ನಡುವೆ ನಾನಿದ್ದಾಗ ಬಸ್ಸು ಪಕ್ಕದಲ್ಲೇ ಧೂಳೆಬ್ಬಿಸಿಕೊಂಡು ಹೋದದ್ದು ಎಷ್ಟು ಸಲವೋ ಲೆಕ್ಕವಿಲ್ಲ. ಬಿಸಿ ಮುದ್ದೆ ಮುರಿದು ಬೆರಳು ಸುಟ್ಟುಕೊಂಡರೆ ಅಕ್ಕ, "ಬೇಯೋಗಂಟ ಇದ್ದೋಳ್ಗೆ ಆರೋಗಂಟ ಇರಕ್ಕಾಗಲ್ವಾ" ಎಂದು ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದಳು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಮ್ಮ ತೀರಿಕೊಂಡಳು. ಆಮೇಲೆ ಪಾಂಡವಪುರದ ನಮ್ಮ ಮನೆಯಲ್ಲಿ ಸೌಟೂ ಅಕ್ಕನದೇ, ಗದರುವ ಬಾಯೂ ಅಕ್ಕನದೇ. ನನಗಿಂತ ಹತ್ತು ವರ್ಷ ದೊಡ್ಡವಳು. ನನ್ನ ತಲೆ ಬಾಚಿ, ಸ್ಲೇಟು ಒರೆಸಿ, ಶಾಲೆಗೆ ಅಟ್ಟಿ, ಆಮೇಲೆ ನಡುಮನೆಯ ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದಳು. ಬೀದಿಯ ಹೆಂಗಸರ ರವಿಕೆಗಳೆಲ್ಲ ಅವಳ ಕೈಯಲ್ಲೇ ಹುಟ್ಟಬೇಕು.

ಅಪ್ಪ ಗದ್ದೆ ನೋಡಿಕೊಂಡು, ಡೈರಿಗೆ ಹಾಲು ಹಾಕಿಕೊಂಡು ಇದ್ದವರು. ಅವರಿಗೆ ಇದ್ದದ್ದು ಒಂದೇ ಚಿಂತೆ, ಅಕ್ಕನ ಮದುವೆ. ತೊಂಬತ್ತರ ದಶಕದ ನಡುವೆ, ನಾನು ಪಿಯುಸಿ ಮುಗಿಸುವ ಹೊತ್ತಿಗೆ ಅಕ್ಕನಿಗೆ ಇಪ್ಪತ್ತೊಂಬತ್ತು ಆಗುತ್ತ ಬಂದಿತ್ತು. ನೋಡಲು ಬಂದವರು ಹನ್ನೊಂದು ಕಡೆಯವರು. ಪ್ರತಿ ಸಲವೂ ಅಮ್ಮನ ಹಸಿರು ರೇಷ್ಮೆ ಸೀರೆ, ಪ್ರತಿ ಸಲವೂ ಉಪ್ಪಿಟ್ಟು. ಬಂದವರು ಉಪ್ಪಿಟ್ಟು ತಿಂದು, ಅಕ್ಕನನ್ನು ನಿಲ್ಲಿಸಿ, ನಡೆಸಿ, ಊರಿಗೆ ಹೋಗಿ ಹೇಳಿ ಕಳಿಸುತ್ತಿದ್ದರು: ಹುಡುಗಿ ಉದ್ದವಾಯಿತು, ಬಣ್ಣ ಕಡಿಮೆಯಾಯಿತು. ಒಬ್ಬ ಮಹಾರಾಯನಂತೂ ನಮ್ಮ ಬಾಗಿಲು ಗಿಡ್ಡವಾಯಿತು ಎಂದ. ನನಗೆ ಮೈ ಉರಿದು ಹೋಗುತ್ತಿತ್ತು. ಅಕ್ಕ ಮಾತ್ರ ಸೀರೆ ಮಡಚಿ ಪೆಟ್ಟಿಗೆಗೆ ಹಾಕಿ, ಬಿಟ್ಟ ಹೊಲಿಗೆಯನ್ನು ಬಿಟ್ಟಲ್ಲಿಂದ ಶುರು ಮಾಡುತ್ತಿದ್ದಳು.

ಕಂಪ್ಯೂಟರು ಕಲಿಯಲು ನಾನು ಶ್ರೀರಂಗಪಟ್ಟಣಕ್ಕೆ ಹೋಗುತ್ತಿದ್ದೆ. ಕೋಟೆ ಒಳಗಿನ ಒಂದು ಓಣಿಯಲ್ಲಿ, ಮಹಡಿಯ ಮೇಲೆ ಒಂದು ಕೋಣೆ. ಚಪ್ಪಲಿ ಹೊರಗೆ ಬಿಟ್ಟು, ಕಾಲೊರೆಸಿಕೊಂಡು ಒಳಗೆ ಹೋಗಬೇಕು. ನಾಲ್ಕು ಯಂತ್ರ, ಅದರಲ್ಲಿ ಎರಡಕ್ಕೆ ಯಾವಾಗಲೂ ಹುಷಾರಿಲ್ಲ. ಕಲಿಸುತ್ತಿದ್ದ ಸಾಹೇಬರ ಮನೆತನದ್ದು ಬಳೆ ವ್ಯಾಪಾರ. ಡೇಟಾಬೇಸ್ ಪಾಠ ಬಂದ ದಿನ ಅವರು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ.

"ನೋಡಮ್ಮ ಬೇಟಾ, ಕರ್ಸರ್ ಅಂದ್ರೆ ಬೆರಳು. ಹಾಜರಿ ಪುಸ್ತಕದ ಮೇಲೆ ಬೆರಳಿಟ್ಟು ಒಂದು ಸಾಲು ಓದು, ಮುಂದಿನ ಸಾಲಿಗೆ ಹೋಗು, ಅದನ್ನ ಓದು. ಸಾವಿರ ಸಾಲಿದ್ರೆ ಸಾವಿರ ಸಲ ಬೆರಳು ಸರೀಬೇಕು. ಇಂಡೆಕ್ಸ್ ಅಂಗಲ್ಲ. ನಮ್ಮ ಅಬ್ಬಾ ಅಂಗಡೀಲಿ ಹೆಂಗಸರು ಕೈ ಚಾಚಿದ್ರೆ ಇಡೀ ಅಂಗಡಿ ತಡಕ್ತಿರ್ಲಿಲ್ಲ. ಅಳತೆ ಪ್ರಕಾರ ಜೋಡಿಸಿರ್ತಿದ್ರು, ಸೀದಾ ಆ ಸಾಲಿಗೇ ಕೈ. ಲೇಕಿನ್ ಒಂದು ಮಾತು. ಮುಂದಿನ ಸಾಲಲ್ಲಿ ಇರೋದು ಮೊದಲು ಮಾರಾಟ ಆಗ್ತದೆ. ಹಿಂದಿನ ಸಾಲಿಗೆ ಧೂಳು ಹಿಡೀತದೆ. ಯಾವುದನ್ನ ಮುಂದೆ ಇಡ್ತೀಯಾ ಅನ್ನೋದನ್ನ ನೋಡ್ಕೊಂಡು ಜೋಡಿಸ್ಬೇಕು."

ಅವರ ಮಾತಿನ ಮೊದಲರ್ಧ ಕಿವಿಗೆ ಬಿದ್ದ ಕೂಡಲೇ ನನ್ನ ಕೈ ಕೀಬೋರ್ಡಿನ ಮೇಲಿತ್ತು. ಉಳಿದರ್ಧ ಕೇಳುವ ಪುರುಸೊತ್ತು ಯಾರಿಗಿತ್ತು? ಮೂರು ತಿಂಗಳ ಕೋರ್ಸನ್ನು ಎರಡು ತಿಂಗಳಿಗೆ ಮುಗಿಸಿದೆ.

ಕೆಲಸ ಸಿಕ್ಕಿದ್ದು ಕೆ.ಆರ್. ಪೇಟೆಯಲ್ಲಿ. ನಿವೃತ್ತರಾದ ಒಬ್ಬ ಹೆಡ್‌ಮೇಷ್ಟ್ರು ಬಸ್‌ಸ್ಟ್ಯಾಂಡಿನ ಹತ್ತಿರ ವಧೂವರರ ಮಾಹಿತಿ ಕೇಂದ್ರ ಇಟ್ಟಿದ್ದರು. ಪಾಂಡವಪುರ, ನಾಗಮಂಗಲ, ಶ್ರೀರಂಗಪಟ್ಟಣದ ಕಡೆಯವರೂ ಅಲ್ಲಿಗೆ ಬರುತ್ತಿದ್ದರು. ಮೇಷ್ಟ್ರು ಎಲ್ಲಿಂದಲೋ ಒಂದು ಹಳೆಯ ಕಂಪ್ಯೂಟರನ್ನು ತಂದು, ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಮೇಲೆ ಟವಲು ಹೊದಿಸಿ ಇಟ್ಟಿದ್ದರು. ಹುಡುಗ ಹುಡುಗಿಯರ ಫಾರಂಗಳನ್ನೆಲ್ಲ ಅದರೊಳಗೆ ಸೇರಿಸಿ, ಯಾರಿಗೆ ಯಾರು ಹೊಂದುತ್ತಾರೆ ಎಂದು ಅದೇ ಹುಡುಕಿ ಕೊಡುವ ಹಾಗೆ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ.

ಫಾರಂನಲ್ಲಿ ಹದಿನಾಲ್ಕು ಕಾಲಂ. ವಯಸ್ಸು, ಎತ್ತರ, ನಕ್ಷತ್ರ, ಮನೆದೇವರು, ಜಮೀನು ನೀರಾವರಿಯೋ ಖುಷ್ಕಿಯೋ, ಹೀಗೆ. ಅಪ್ಪ ಮೊದಲ ದಿನವೇ ಅಕ್ಕನ ಫಾರಂ ತುಂಬಿ ನನ್ನ ಚೀಲಕ್ಕೆ ಹಾಕಿದ್ದರು. ಪ್ರೋಗ್ರಾಂ ನಡೆಯುತ್ತದೋ ಇಲ್ಲವೋ ನೋಡಲು ಒಂದು ಹೆಸರು ಬೇಕಿತ್ತು. ಅಕ್ಕನದನ್ನೇ ಹೊಡೆದೆ. ಹಾಗೆ ನಮ್ಮ ಅಕ್ಕ ಆ ಕಂಪ್ಯೂಟರಿನ ಒಂದನೇ ನಂಬರಾದಳು. ಅವಳ ಹಿಂದೆ ಸಾವಿರದ ಚಿಲ್ಲರೆ ಹುಡುಗಿಯರು ಬಂದು ನಿಂತರು.

ಆ ಯಂತ್ರ ಹುಡುಕುವುದನ್ನು ನೋಡುವುದೇ ಒಂದು ಶಿಕ್ಷೆ. ಒಬ್ಬ ಹುಡುಗನ ವಿವರ ಕೊಟ್ಟರೆ ಅದು ಒಂದನೇ ಹುಡುಗಿಯಿಂದ ಹೊರಡುತ್ತಿತ್ತು. ವಯಸ್ಸು ಸರಿಯೇ, ಮನೆದೇವರು ಬೇರೆಯೇ, ನಕ್ಷತ್ರ ಕೂಡುತ್ತದೆಯೇ ಎಂದು ನೋಡಬೇಕು. ನಕ್ಷತ್ರಕ್ಕೆ ಇನ್ನೊಂದು ಪಟ್ಟಿ, ಇಪ್ಪತ್ತೇಳರಲ್ಲಿ ಒಂದೊಂದಕ್ಕೂ ಇಪ್ಪತ್ತೇಳು ಸಾಲು. ಪ್ರತಿ ಹುಡುಗಿಗೂ ಆ ಪಟ್ಟಿಯನ್ನು ಮೊದಲಿಂದ ಒಂದೊಂದೇ ಸಾಲು ಓದಿಕೊಂಡು ಹೋಗುವ ಹಾಗೆ ನಾನೇ ಬರೆದಿದ್ದೆ. ಬೆರಳಿನೊಳಗೆ ಬೆರಳು. ಹೊಂದಿದ ಹೆಸರು ಸಿಕ್ಕಾಗ ಪ್ರಿಂಟರು ಕಿರ್ ಎಂದು ಒಂದು ಸಾಲು ಹೊಡೆಯುತ್ತಿತ್ತು, ಮತ್ತೆ ಸುಮ್ಮನಾಗುತ್ತಿತ್ತು. ಹನ್ನೆರಡು ಹೆಸರಾದರೆ ನಿಲ್ಲಬೇಕು ಎಂದು ಮೇಷ್ಟ್ರು ಹೇಳಿದ್ದರು. "ಜಾಸ್ತಿ ಕೊಟ್ಟರೆ ಅವರು ಯಾರನ್ನೂ ನೋಡಲ್ಲ ಕಣಮ್ಮ, ಬರೀ ಹಾಳೆ ನೋಡ್ತಾರೆ." ಆ ಹನ್ನೆರಡು ತುಂಬಲು ಕಾಲು ಗಂಟೆ, ಒಮ್ಮೊಮ್ಮೆ ಇಪ್ಪತ್ತು ನಿಮಿಷ. ನಾನು ಕೋಣೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ತಿರುಗುತ್ತಿದ್ದೆ.

ಬಂದವರೂ ಕಾಯುತ್ತಿರಲಿಲ್ಲ. ಬಸ್ಸು ಹೊರಡುವ ಹಾರನ್ ಕೇಳಿದ ಕೂಡಲೇ, ಬಿದ್ದಷ್ಟು ಹೆಸರು ಸಾಕು ಎಂದು ಹಾಳೆ ಹರಿದುಕೊಂಡು ಓಡುತ್ತಿದ್ದರು. ಕಡೆಗೊಂದು ದಿನ ನಾಗಮಂಗಲದ ಕಡೆಯ ಒಬ್ಬ ಯಜಮಾನರು ಎದ್ದು ನಿಂತು ಪಂಚೆ ಕೊಡವಿಕೊಂಡರು. "ನಿಮ್ ಮಿಷಿನ್ನು ಹೆಣ್ಣು ಹುಡ್ಕೋ ವೊತ್ಗೆ ನಮ್ ಹುಡ್ಗ ಮುದ್ಕ ಆಗೋಯ್ತಾನೆ ಕಣವ್ವ" ಎಂದರು. ಹೊರಗೆ ಕೂತಿದ್ದವರೆಲ್ಲ ನಕ್ಕರು. ನನಗೆ ಅವತ್ತು ಊಟ ಸೇರಲಿಲ್ಲ.

ಇಂಡೆಕ್ಸು ಮಾಡೇ ತೀರುತ್ತೇನೆ ಎಂದು ಕೂತೆ. ಮೊದಲು ಮನೆದೇವರ ಪ್ರಕಾರ ಮಾಡಿದೆ. ನಮ್ಮಲ್ಲಿ ಒಂದೇ ದೇವರ ಒಕ್ಕಲು ಎಂದರೆ ಅಣ್ಣತಂಗಿಯರು, ಅಲ್ಲಿ ಮದುವೆಯ ಮಾತೇ ಇಲ್ಲ. ಎಲ್ಲಕ್ಕಿಂತ ಮೊದಲು ಕೇಳುವುದು ಅದನ್ನೇ, ಆದ್ದರಿಂದ ಇಂಡೆಕ್ಸೂ ಅದರ ಮೇಲೇ ಇರಲಿ ಎಂದುಕೊಂಡೆ. ಒಂದು ನಿಮಿಷವೂ ಉಳಿಯಲಿಲ್ಲ. ಎರಡು ದಿನ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಈ ದೇವರ ಒಕ್ಕಲು ಬೇಕು ಎಂದರೆ ಇಂಡೆಕ್ಸು ಸೀದಾ ಅಲ್ಲಿಗೆ ಕರೆದುಕೊಂಡು ಹೋಗುತ್ತದೆ. ಈ ದೇವರ ಒಕ್ಕಲು ಬೇಡ ಎಂದರೆ ಉಳಿದವರೆಲ್ಲರ ಮನೆಗೂ ಹೋಗಲೇಬೇಕು. ಬೇಡ ಎಂಬುದಕ್ಕೆ ಅಡ್ಡದಾರಿ ಇಲ್ಲ.

ಆಮೇಲೆ ನಕ್ಷತ್ರದ ಪಟ್ಟಿಗೆ ಒಂದು ಇಂಡೆಕ್ಸು, ಹುಡುಗಿಯರ ವಯಸ್ಸಿಗೆ ಒಂದು ಇಂಡೆಕ್ಸು ಮಾಡಿದೆ. ಬಾಗಿಲಲ್ಲೇ ನಿಂತು "ಹುಡ್ಗೀಗೆ ಎಷ್ಟು ವಯ್ಸು" ಎಂದು ಕೇಳದವರು ಯಾರಿದ್ದಾರೆ? ಹದಿನೆಂಟರಿಂದ ಶುರುವಾಗಿ ಮೇಲಕ್ಕೆ ಹೋಗಲಿ, ಹನ್ನೆರಡು ಸಿಕ್ಕ ಕೂಡಲೇ ನಿಲ್ಲಲಿ. ಗುಂಡಿ ಒತ್ತಿದೆ. ಪ್ರಿಂಟರು ಉಸಿರು ತೆಗೆದುಕೊಳ್ಳದೆ ಹನ್ನೆರಡು ಸಾಲನ್ನೂ ಹೊಡೆದು ಹಾಕಿತು. ಹಾಳೆ ಹೊರಗೆ ಬರುವಷ್ಟೇ ಹೊತ್ತು. ಏನೋ ಕೆಟ್ಟಿದೆ ಎಂದು ಮತ್ತೊಮ್ಮೆ ಒತ್ತಿದೆ. ಅದೇ ಹನ್ನೆರಡು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಎದುರಿನ ಹೋಟೆಲಿನಿಂದ ಬೈಟು ಕಾಫಿ ತರಿಸಿದರು. ಅವರು ಹಾಗೆಲ್ಲ ಕಾಫಿ ತರಿಸುವವರಲ್ಲ.

ಜನ ಹೆಚ್ಚಿದರು. ನನಗೆ ನೆಲದ ಮೇಲೆ ಕಾಲು ನಿಲ್ಲದಷ್ಟು ಕೆಲಸ, ಅದರ ಜೊತೆಗೆ ಜಂಬ. ಮನೆಯಲ್ಲಿ ಅಪ್ಪ ಸಂಜೆ ಜಗಲಿಯ ಮೇಲೆ ಕೂತು, "ಅಕ್ಕಂದು ಏನಾರ ಬಂತಾ ಮಗಾ" ಎಂದು ಕೇಳುತ್ತಿದ್ದರು. "ಇಲ್ಲ ಕಣಪ್ಪ" ಎಂದು ಹೇಳಿ ಒಳಗೆ ಹೋಗುತ್ತಿದ್ದೆ. ಎಂಟು ತಿಂಗಳು ಅದೇ ಪ್ರಶ್ನೆ, ಅದೇ ಉತ್ತರ. ಅಪ್ಪ ಬರಬರುತ್ತ ಕೇಳುವುದನ್ನೂ ಬಿಟ್ಟು ಬರೀ ನನ್ನ ಮುಖ ನೋಡತೊಡಗಿದರು. ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ, ಒಂದು ದಿನವೂ ಏಕೆ ಎಂದು ಯೋಚಿಸಲಿಲ್ಲ.

ಗೊತ್ತಾದದ್ದು ಒಬ್ಬ ಮೂವತ್ತನಾಲ್ಕು ವರ್ಷದ ಹುಡುಗನ ತಾಯಿ ಬಂದ ದಿನ. "ವಸಿ ದೊಡ್ಡ ಹುಡ್ಗೀನೇ ಇರ್ಲಿ ಕಣವ್ವ, ಚಿಕ್ಕವು ನಮ್ ಮನೇಲಿ ಬಾಳಲ್ಲ" ಎಂದರು. ನಮ್ಮಕ್ಕನ ಹೆಸರು ಬಂದೇ ಬರುತ್ತದೆ ಎಂದುಕೊಂಡು ಗುಂಡಿ ಒತ್ತಿದೆ. ಹಾಳೆಯಲ್ಲಿ ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು ವಯಸ್ಸಿನವರು ಹನ್ನೆರಡು ಜನ. ಅಕ್ಕನಿಲ್ಲ. ಹನ್ನೆರಡಕ್ಕೆ ನಿಲ್ಲಬೇಡ ಎಂದು ಪ್ರೋಗ್ರಾಮನ್ನು ಬದಲಿಸಿ ಮತ್ತೆ ಓಡಿಸಿದೆ. ಮೂರು ಹಾಳೆ ದಾಟಿ ನಾಲ್ಕನೆಯದರ ತಳದಲ್ಲಿ ಅಕ್ಕನ ಹೆಸರಿತ್ತು.

ಹಳೆಯ ನಿಧಾನದ ಪ್ರೋಗ್ರಾಂ ಒಂದನೇ ನಂಬರಿನಿಂದ ಹೊರಡುತ್ತಿತ್ತಲ್ಲ, ಹೊಂದುವ ಹುಡುಗ ಯಾರೇ ಬಂದರೂ ಮೊದಲು ಬೀಳುತ್ತಿದ್ದುದು ಅಕ್ಕನ ಹೆಸರು. ಬಸ್ಸಿಗೆ ಓಡುವವರ ಹಾಳೆಯಲ್ಲಿ ಮೂರೇ ಹೆಸರಿದ್ದರೂ ಅದರಲ್ಲಿ ಅವಳಿರುತ್ತಿದ್ದಳು. ನಾನು ಅವಳನ್ನು ಅಲ್ಲಿಂದ ಎಬ್ಬಿಸಿ, ಯಾರೂ ತಿರುವಿ ನೋಡದ ಜಾಗದಲ್ಲಿ ಕೂರಿಸಿದ್ದೆ. ಬಣ್ಣ ನೆಪ ಮಾಡಿದವರನ್ನೂ ಎತ್ತರ ನೆಪ ಮಾಡಿದವರನ್ನೂ ಬೈದುಕೊಂಡು ತಿರುಗಿದ ನಾನು, ಎಂಟು ತಿಂಗಳಿಂದ ಅವರೆಲ್ಲರಿಗಿಂತ ಚೆನ್ನಾಗಿ ಅದೇ ಕೆಲಸ ಮಾಡಿದ್ದೆ. ಸಾಹೇಬರ ಹಿಂದಿನ ಸಾಲಿನ ಬಳೆಯ ಮಾತು ಆಗ ನೆನಪಾಯಿತು.

ಸರಿಯಾಗಿ ಮಾಡಬೇಕೆಂದರೆ ದಾರಿ ಇತ್ತು. ಹುಡುಗನ ವಯಸ್ಸಿಗೆ ಹತ್ತಿರದವರಿಂದ ಶುರು ಮಾಡಿ ಕೆಳಕ್ಕೆ ಬರಬಹುದಿತ್ತು. ಆಗ ಅಕ್ಕನಂತೆ ತಳದಲ್ಲಿ ಕೂತಿದ್ದ ಉಳಿದ ಹುಡುಗಿಯರೂ ಮೇಲೆ ಬರುತ್ತಿದ್ದರು. ಅದಕ್ಕೆ ಒಂದು ವಾರ ಬೇಕು, ಮೇಷ್ಟ್ರನ್ನು ಒಪ್ಪಿಸಬೇಕು. ನಾನು ಒಂದು ವಾರ ಕಾಯುವವಳೇ? ಹತ್ತು ನಿಮಿಷದಲ್ಲಿ ಒಂದೇ ಒಂದು ಸಾಲು ಸೇರಿಸಿದೆ. ಎಲ್ಲಕ್ಕಿಂತ ಮೊದಲು ಒಂದನೇ ನಂಬರಿಗೆ ಹೋಗು, ಹೊಂದಿದರೆ ಬರೆ, ಆಮೇಲೆ ಇಂಡೆಕ್ಸು ಹಿಡಿ. ಮೇಷ್ಟ್ರಿಗೆ ಹೇಳಲಿಲ್ಲ. ಕಳ್ಳತನ ಅನ್ನುವುದಾದರೆ ಅನ್ನಿ. ಆ ಮೂವತ್ತನಾಲ್ಕರ ಹುಡುಗನ ತಾಯಿಗೆ ಕೊಟ್ಟ ಹೊಸ ಹಾಳೆಯಲ್ಲಿ ಅಕ್ಕನೇ ಮೊದಲು.

ಹದಿನೈದು ದಿನದೊಳಗೆ ಮೂರು ಕಡೆಯಿಂದ ಅಪ್ಪನಿಗೆ ಕಾಗದ ಬಂತು. ಮೂವರೂ ಬರುವ ಭಾನುವಾರವೇ ನೋಡಲು ಬರುವುದಾಗಿ ಬರೆದಿದ್ದರು, ಒಬ್ಬರು ಬೆಳಿಗ್ಗೆ, ಒಬ್ಬರು ಮಧ್ಯಾಹ್ನ, ಒಬ್ಬರು ಸಂಜೆ. ಅಪ್ಪ ಕಾಗದಗಳನ್ನು ದೇವರ ಫೋಟೋದ ಹಿಂದೆ ಸಿಕ್ಕಿಸಿ, ಬನ್ನಿ ಎಂದು ಉತ್ತರವನ್ನೂ ಹಾಕಿಸಿ, "ಅಕ್ಕಂಗೆ ನೀನೇ ಯೋಳ್ಬುಡು ಮಗಾ" ಎಂದು ಹಾಲಿನ ಕ್ಯಾನು ಹಿಡಿದು ಹೊರಟರು. ಅವರ ಹೆಜ್ಜೆಯಲ್ಲಿ ಎಷ್ಟೋ ದಿನದಿಂದ ಕಾಣದ ಚುರುಕಿತ್ತು.

ಅಕ್ಕ ನಡುಮನೆಯಲ್ಲಿ ಯಂತ್ರ ತುಳಿಯುತ್ತಿದ್ದಳು. ಪಕ್ಕದಲ್ಲಿ ಕತ್ತರಿಸಿಟ್ಟ ರವಿಕೆ ಬಟ್ಟೆಗಳ ಗುಡ್ಡೆ. ನಾನು ಮೊದಲು ತಪ್ಪೊಪ್ಪಿಕೊಂಡು, ಆಮೇಲೆ ಒಳ್ಳೆಯ ಸುದ್ದಿ ಹೇಳುವ ಲೆಕ್ಕದಲ್ಲಿದ್ದೆ.

"ಅಕ್ಕ, ಎಂಟು ತಿಂಗ್ಳಿಂದ ನಿನ್ ನೋಡಕೆ ಯಾರೂ ಬರ್ನಿಲ್ವಲ್ಲ, ಅದು ನನ್ನಿಂದ ಕಣಕ್ಕ. ಪ್ರೋಗ್ರಾಂ ಬದ್ಲಾಯ್ಸಕೆ ಓಗಿ ನಿನ್ ಎಸ್ರು ತಳಕ್ಕೆ ಓಗ್ಬುಡ್ತು."

ಅವಳ ಕಾಲು ನಿಂತಿತು. ಸೂಜಿಯ ಕೆಳಗಿನಿಂದ ಬಟ್ಟೆಯನ್ನು ಎಳೆದು, ದಾರವನ್ನು ಹಲ್ಲಿನಲ್ಲಿ ಕಡಿದಳು.

"ಅಂಗಾರೆ ಅದು ನಿನ್ನಿಂದ್ಲಾ? ನಾನು ದೇವ್ರೇ ಕಣ್ಬುಟ್ಟ ಅಂತ ಅರಕೆ ತೀರ್ಸ್‌ಬುಟ್ಟು ಬಂದ್ನಲ್ಲೇ."

"ಏನ್ ಅರಕೆ?"

"ವಸಿ ದಿನ ಯಾರೂ ಬರ್ದೆ ಇರ್ಲಿ ಅಂತ." ಅವಳು ನಗುತ್ತಿದ್ದಳು. "ಎಂಟು ತಿಂಗ್ಳು ಕಣೆ. ಒಬ್ರೂ ಬಂದು ನಿಂತ್ಕೊ ಅನ್ನನಿಲ್ಲ, ನಡ್ದು ತೋರ್ಸು ಅನ್ನನಿಲ್ಲ. ಉಪ್ಪಿಟ್ಟು ಮಾಡುದ್ರೆ ನಾವೇ ತಿಂದೋ. ಅಮ್ಮ ಓದ್ಮೇಲೆ ನಾನು ಇಷ್ಟು ನೆಮ್ಮದಿಯಾಗಿ ಇದ್ದಿದ್ದೇ ಇಲ್ಲ."

ಅವಳ ಹದಿನಾಲ್ಕು ಕಾಲಂ ನಾನೇ ಹೊಡೆದಿದ್ದೆ, ಎಷ್ಟು ಉದ್ದ, ಯಾವ ನಕ್ಷತ್ರ, ಎಷ್ಟು ಓದು ಎಂದು. ಅವಳಿಗೆ ಏನು ಬೇಕು ಎಂದು ಕೇಳಿರಲಿಲ್ಲ. ಮುದ್ದೆಯ ತಟ್ಟೆ ಹಿಂದಕ್ಕೆಳೆದು ನನಗೆ ಕಾಯಲು ಹೇಳಿಕೊಟ್ಟವಳು ಅವಳೇ.

"ಸರಿಮಾಡ್ಬುಟ್ಟೆ ಕಣಕ್ಕ" ಎಂದೆ. "ಭಾನ್ವಾರ ಮೂರು ಕಡೆಯೋರು ಬತ್ತಾವ್ರೆ."

ಅಕ್ಕನ ಮುಖದ ನಗು ಒಂದೇ ಸಲಕ್ಕೆ ಹೋಗಲಿಲ್ಲ, ನಿಧಾನವಾಗಿ ಹೋಯಿತು. ಅದನ್ನು ನೋಡುತ್ತ ನಿಲ್ಲುವುದು ನನ್ನ ಕೈಲಿ ಆಗಲಿಲ್ಲ.

"ಬ್ಯಾಡ ಅಂತ ಕಾಗ್ದ ಆಕ್ಸ್ಲಾ? ಅಪ್ಪಂಗೆ ನಾನೇ ಯೋಳ್ತೀನಿ."

ಅವಳು ಗುಡ್ಡೆಯಿಂದ ಇನ್ನೊಂದು ಬಟ್ಟೆ ತೆಗೆದು, ಅಂಚು ಸರಿಮಾಡಿ, ಸೂಜಿಯ ಕೆಳಗೆ ಇಟ್ಟಳು.

"ಬರ್ಲಿ ಬುಡು. ನಂದು ಆಗ್ದೆ ನಿಂದು ಎಂಗಾದಾತು? ಅಪ್ಪನೂ ಎಷ್ಟು ದಿನ ಅಂತ ನೋಡಾರು." ಯಂತ್ರ ಮತ್ತೆ ಶುರುವಾಯಿತು. ಅದರ ಸದ್ದಿನ ಮೇಲೆ ದನಿ ಏರಿಸಿ ಅಂದಳು, "ಆ ಅಸ್ರು ಸೀರೆ ಮಾತ್ರ ಬ್ಯಾಡ ಕಣೆ. ಬೇರೆ ಯಾವ್ದಾರ ತೆಗ್ದಿಡು."

ನನ್ನ ಮದುವೆ ಎಂಬುದೊಂದು ಇದೆ ಎಂದು ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ.

ಭಾನುವಾರ ಬಂದ ಮೂವರಲ್ಲಿ ಮಧ್ಯಾಹ್ನದವರು ಒಪ್ಪಿದರು. ದೇವಲಾಪುರದ ಕಡೆಯವರು, ಹಿಟ್ಟಿನ ಗಿರಣಿ ಇಟ್ಟವರು. ನಾಲೆ ಬಯಲಿನಿಂದ ಖುಷ್ಕಿ ಸೀಮೆಗೆ ಹೆಣ್ಣು ಕೊಡುವುದಿಲ್ಲ ಎಂದು ಹತ್ತು ವರ್ಷ ಹೇಳಿಕೊಂಡು ಬಂದಿದ್ದ ಅಪ್ಪ ಆ ಮಾತನ್ನು ಅವತ್ತು ನುಂಗಿಕೊಂಡರು. ಹುಡುಗ ಅಕ್ಕನನ್ನು ನಿಲ್ಲಿಸಲೂ ಇಲ್ಲ, ನಡೆಸಲೂ ಇಲ್ಲ, ರವಿಕೆಗಳ ಗುಡ್ಡೆ ನೋಡಿ ಇಷ್ಟೆಲ್ಲ ನೀವೊಬ್ಬರೇ ಹೊಲೀತೀರಾ ಎಂದು ಕೇಳಿದ. ಅಕ್ಕ ಹೊಲಿಗೆ ಯಂತ್ರ ಜೊತೆಗೆ ತರುತ್ತೇನೆ ಎಂದಳು. ಅವರು ಆಗಲಿ ಎಂದರು. ಇವಳು ಹೂಂ ಎಂದಳು. ಆ ಹೂಂ ಯಾರಿಗಾಗಿ ಅಂದದ್ದು ಎಂದು ನಾನು ಇವತ್ತಿನವರೆಗೂ ಕೇಳಿಲ್ಲ.

ಮಾರನೆಯ ದಿನ ಕೆ.ಆರ್. ಪೇಟೆಗೆ ಹೋಗಿ ಒಂದನೇ ನಂಬರನ್ನು ಅಳಿಸಿದೆ. ಕದ್ದು ಸೇರಿಸಿದ್ದ ಆ ಸಾಲನ್ನೂ ತೆಗೆದೆ. ತಳದ ಹುಡುಗಿಯರಿಗೂ ದಾರಿ ಮಾಡಿಕೊಡಬೇಕು, ಈ ವಾರ ಕೂತು ಸರಿಯಾಗಿ ಬರೆಯುತ್ತೇನೆ ಎಂದುಕೊಳ್ಳುತ್ತಿದ್ದೆ. ಮೇಷ್ಟ್ರು ಮೇಜಿನ ಡ್ರಾದಿಂದ ಒಂದು ಫಾರಂ ತೆಗೆದು ಕೀಬೋರ್ಡಿನ ಪಕ್ಕ ಇಟ್ಟರು.

"ನಿಮ್ಮ ತಂದೆ ಮುಂಚೆನೇ ಕೊಟ್ಟು ಹೋಗಿದ್ರು. ದೊಡ್ಡವಳದು ಕೂಡಿದ ದಿನ ಹಾಕಿ ಅಂದಿದ್ರು" ಎಂದರು.

ಹದಿನಾಲ್ಕು ಕಾಲಂ, ಅಪ್ಪನ ಕೈಬರಹ. ವಯಸ್ಸು ಇಪ್ಪತ್ತು. ನನ್ನ ಹೆಸರನ್ನು ನಾನೇ ಹೊಡೆದೆ, ಕೈ ಯಾಕೋ ಓಡಲಿಲ್ಲ. ಹೊರಗಿನ ಬೆಂಚಿನ ಮೇಲೆ ಯಾರೋ ಬಂದು ಕೂತಿದ್ದರು. ಮೇಷ್ಟ್ರು ಅವರ ಹುಡುಗನ ಚೀಟಿಯನ್ನು ನನ್ನ ಮುಂದಿಟ್ಟು, ಒತ್ತು ಎಂದರು.

ಒತ್ತಿದೆ. ನಿಧಾನವಾಗಿ ಹೋಗು, ಒಂದೊಂದೇ ಮನೆ ನೋಡಿಕೊಂಡು ಹೋಗು ಎಂದು ಆ ಯಂತ್ರಕ್ಕೆ ಮನಸ್ಸಿನಲ್ಲೇ ಕೈಮುಗಿದೆ. ಪ್ರಿಂಟರು ಹನ್ನೆರಡು ಸಾಲನ್ನೂ ಒಂದೇ ಉಸಿರಿಗೆ ಹೊಡೆಯಿತು. ನಾಲ್ಕನೆಯದು ನನ್ನದು. ಮೇಷ್ಟ್ರು ಹಾಳೆ ಹರಿದು ಹೊರಗೆ ತೆಗೆದುಕೊಂಡು ಹೋದರು. ಬೆಂಚಿನ ಮೇಲಿದ್ದವರು ಇನ್ನೂ ಕೊಡೆ ಮಡಚಿ ಪಕ್ಕಕ್ಕಿಟ್ಟಿರಲಿಲ್ಲ.